ಪುಸ್ತಕ ಮುಚ್ಚಿದ ಮೇಲೆ



ಓದಿನ ವಿಷಯವಾಗಿ ಬಾನುಲಿಯಲ್ಲಿ ಮಾತನಾಡುವುದಕ್ಕೆ ಒಂದು ವಿಶೇಷವಾದ ಔಚಿತ್ಯವುಂಟು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವನ್ನು ಹೂಡಿ, ಆಕಾಶವಾಣಿಯೆಂಬ ಹೆಸರಿನಲ್ಲಿ ಕನ್ನಡದ ದನಿಯನ್ನು ಗಾಳಿಗೆ ಒಪ್ಪಿಸಿದ ಎಂ. ವಿ. ಗೋಪಾಲಸ್ವಾಮಿಯವರು ವರ್ತಕರಲ್ಲ, ಯಂತ್ರಶಿಲ್ಪಿಗಳೂ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಪ್ರಾಧ್ಯಾಪಕರು. ಮನುಷ್ಯನ ಮನಸ್ಸು ಹೇಗೆ ಕಲಿಯುತ್ತದೆ, ಕಲಿತದ್ದನ್ನು ಹೇಗೆ ಕಳೆದುಕೊಳ್ಳುತ್ತದೆ ಎಂಬುದನ್ನು ವಿಚಾರಿಸುವ ಶಾಸ್ತ್ರದವರೊಬ್ಬರ ಕೈಯಿಂದ ಹುಟ್ಟಿದ ಈ ಮಾಧ್ಯಮದಲ್ಲಿ, ಅದೇ ವಿಚಾರವನ್ನು ಎತ್ತಿಕೊಳ್ಳುವುದು ನನಗೆ ಸಂತೋಷದ ಸಂಗತಿ. ಬಾನುಲಿಯಲ್ಲಿ ಕೇಳಿದ ಮಾತನ್ನು ಪುಟ ತಿರುವಿ ಮತ್ತೆ ನೋಡುವಂತಿಲ್ಲ. ಈ ಭಾಷಣ ಮುಗಿದ ಕೂಡಲೆ ನಿಮ್ಮಲ್ಲಿ ಉಳಿಯುವುದೆಷ್ಟೋ ಅಷ್ಟೇ ನಿಮ್ಮದು. ಕಾಲೇಜಿನ ಉಪನ್ಯಾಸಗಳ ಪಾಡೂ ಇದೇ, ಸ್ವಲ್ಪ ಆಳವಾಗಿ ನೋಡಿದರೆ ಪುಸ್ತಕಗಳ ಪಾಡೂ ಇದೇ.

ವಿದ್ಯಾರ್ಥಿಗಳು ಹಿರಿಯರನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ದಿನಕ್ಕೆ ಎಷ್ಟು ಗಂಟೆ ಓದಬೇಕು ಎಂಬುದು. ಈ ಪ್ರಶ್ನೆಯಲ್ಲಿ ಶ್ರದ್ಧೆಯಿದೆ. ಆದರೆ ಇದಕ್ಕೆ ಕೊಡುವ ಯಾವ ಉತ್ತರವೂ ಪ್ರಯೋಜನಕ್ಕೆ ಬಾರದು. ಎಂಟು ಗಂಟೆಗಳ ಕಾಲ ಪುಸ್ತಕದ ಮುಂದೆ ಕುಳಿತೆದ್ದವನು ಎಂಟು ಗಂಟೆ ಓದಿದನೆಂದು ಹೇಳುವುದು, ಎಂಟು ಗಂಟೆ ನದಿಯ ದಡದಲ್ಲಿದ್ದವನು ಅಷ್ಟು ಹೊತ್ತೂ ಈಜಿದನೆಂದು ಹೇಳಿದಷ್ಟೇ ನಿಜ. ನಾನು ನಿಮ್ಮ ಮುಂದೆ ಇಡಬಯಸುವ ಅಳತೆ ಬೇರೆ. ಪುಸ್ತಕವನ್ನು ಮುಚ್ಚಿದ ಮೇಲೆ, ಅದರಲ್ಲಿದ್ದುದನ್ನು ಎಷ್ಟರಮಟ್ಟಿಗೆ ನಿಮ್ಮ ಮಾತಿನಲ್ಲಿ ಹೇಳಬಲ್ಲಿರಿ, ಎಷ್ಟರಮಟ್ಟಿಗೆ ಬರೆದು ತೋರಿಸಬಲ್ಲಿರಿ, ಬೇಕಾದಾಗ ಎಷ್ಟು ಬೇಗ ಹುಡುಕಿ ತೆಗೆಯಬಲ್ಲಿರಿ ಎಂಬುದೇ ಓದಿನ ಅಳತೆ. ವಿದ್ಯಾರ್ಥಿಜೀವನದ ವ್ಯವಸ್ಥೆಯೆಲ್ಲ, ಅಂದರೆ ಕಾಲ, ಕೋಣೆ, ಕಾಸು, ಕಾಗದ, ನಿದ್ರೆ ಮೊದಲಾದುವುಗಳ ಏರ್ಪಾಡೆಲ್ಲ, ಪುಸ್ತಕ ಮುಚ್ಚಿದ ಮೇಲಿನ ಈ ಕೆಲಸಕ್ಕೆ ಅನುಕೂಲವಾಗಿರಬೇಕು.

ಹಾಸ್ಟೆಲಿನ ಸಾಲುಕೋಣೆಗಳಲ್ಲಿ ಮಾರ್ಚ್ ತಿಂಗಳ ರಾತ್ರಿಗಳಲ್ಲಿ ಏನು ನಡೆಯುತ್ತದೆಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಒಮ್ಮೆ ಓದಿದ ಅಧ್ಯಾಯವನ್ನು ಎರಡನೆಯ ಸಲ ಓದುವುದು, ಮೂರನೆಯ ಸಲ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಓದುವುದು, ನಾಲ್ಕನೆಯ ಸಲ ಗೆರೆ ಎಳೆದ ಭಾಗಗಳನ್ನು ಮಾತ್ರ ಓದುವುದು. ಅಷ್ಟು ಹೊತ್ತಿಗೆ ಪುಟದಲ್ಲಿ ಗೆರೆಯಿಲ್ಲದ ಸಾಲೇ ಉಳಿದಿರುವುದಿಲ್ಲವೆಂಬುದು ಬೇರೆ ಮಾತು. ಪ್ರತಿ ಸಲವೂ ವಾಕ್ಯಗಳು ಇನ್ನಷ್ಟು ಸರಾಗವಾಗಿ ಕಣ್ಣಿಗೆ ಒಗ್ಗುತ್ತವೆ. ಒಗ್ಗಿದುದನ್ನು ನಾವು ತಿಳಿದುದೆಂದು ಭ್ರಮಿಸುತ್ತೇವೆ. ಪ್ರಶ್ನಪತ್ರಿಕೆ ಕೈಗೆ ಬಂದಾಗ ಪುಟದ ಬಲಮೂಲೆಯಲ್ಲಿ, ಚಿತ್ರದ ಕೆಳಗೆ ಆ ಉತ್ತರ ಇದ್ದದ್ದು ಕಣ್ಣಿಗೆ ಕಟ್ಟಿದಂತೆ ನೆನಪಾಗುತ್ತದೆ, ಉತ್ತರ ಮಾತ್ರ ನೆನಪಾಗುವುದಿಲ್ಲ. ಇದು ಬುದ್ಧಿಮಾಂದ್ಯವಲ್ಲ. ಗುರುತು ಹಿಡಿಯುವುದನ್ನು ಅಭ್ಯಾಸ ಮಾಡಿದವನನ್ನು, ಅಭ್ಯಾಸವೇ ಮಾಡಿರದ ಇನ್ನೊಂದು ಕೆಲಸದಲ್ಲಿ, ಅಂದರೆ ನೆನೆದು ಹೇಳುವುದರಲ್ಲಿ, ಪರೀಕ್ಷಿಸಿದಂತಾಯಿತು, ಅಷ್ಟೆ.

ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು 1885ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ಪ್ರಸಿದ್ಧವಾದುವು. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ಆತನು ತಾನೇ ಬಾಯಿಪಾಠ ಮಾಡಿ, ಗಂಟೆಗಳೂ ದಿನಗಳೂ ಕಳೆದ ಮೇಲೆ ಅವುಗಳನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿತಾಯವಾಗುತ್ತದೆಂದು ಲೆಕ್ಕ ಹಾಕಿದನು. ಒಂದು ಗಂಟೆಯೊಳಗಾಗಿ ಅರ್ಧಕ್ಕಿಂತ ಹೆಚ್ಚು ಭಾಗ ಜಾರಿಹೋಗಿತ್ತು. ಒಂದು ದಿನದ ಹೊತ್ತಿಗೆ ಸುಮಾರು ಮೂರರಲ್ಲಿ ಎರಡು ಪಾಲು. ಅಲ್ಲಿಂದ ಒಂದು ತಿಂಗಳಿನವರೆಗೆ ಮಾತ್ರ ನಷ್ಟ ಬಹಳ ನಿಧಾನವಾಗಿ ಬೆಳೆದಿತ್ತು. ಅರ್ಥವುಳ್ಳ ಪಾಠವು ಅಕ್ಷರಗುಚ್ಛಗಳಷ್ಟು ವೇಗವಾಗಿ ಮರೆತುಹೋಗುವುದಿಲ್ಲವೆಂಬುದು ದಿಟ. ಆದರೆ ಮರೆವಿನ ಇಳಿಜಾರು ಮೊದಲ ಹೆಜ್ಜೆಗಳಲ್ಲಿಯೇ ಅತಿ ಕಡಿದಾಗಿರುತ್ತದೆಂಬ ಸಾಮಾನ್ಯ ಲಕ್ಷಣ ಅಲ್ಲಿಯೂ ತಪ್ಪದು. ಸೋಮವಾರ ಕೇಳಿದ ಉಪನ್ಯಾಸವನ್ನು ಸೋಮವಾರ ಸಂಜೆ ಹತ್ತು ನಿಮಿಷ ನೆನೆಯುವುದು, ಅದನ್ನೇ ಪರೀಕ್ಷೆಯ ಹಿಂದಿನ ವಾರ ಎರಡು ಗಂಟೆ ಓದುವುದಕ್ಕಿಂತ ಲಾಭಕರವೆಂದು ಅಧ್ಯಾಪಕರು ಹೇಳಿದಾಗ, ಅದನ್ನು ನೀತಿಬೋಧೆಯೆಂದು ಭಾವಿಸದೆ ಶುದ್ಧವಾದ ಲೆಕ್ಕಾಚಾರವೆಂದು ಭಾವಿಸಬೇಕು.

ಇನ್ನು ನೆನೆಯುವುದು ಹೇಗೆ? ಅಮೆರಿಕದ ಆರ್ಥರ್ ಗೇಟ್ಸ್ ಎಂಬಾತನು 1917ರಲ್ಲಿ ಶಾಲೆಯ ಮಕ್ಕಳನ್ನು ಗುಂಪುಗುಂಪಾಗಿ ವಿಂಗಡಿಸಿ, ಎಲ್ಲರಿಗೂ ಸಮಾನವಾದ ಕಾಲವನ್ನೇ ಕೊಟ್ಟು, ಕೆಲವರು ಆ ಕಾಲವನ್ನೆಲ್ಲ ಓದುವುದಕ್ಕೇ ಬಳಸುವಂತೆಯೂ, ಉಳಿದವರು ಅದರ ಬೇರೆಬೇರೆ ಪಾಲುಗಳನ್ನು ಹಾಳೆಯಿಂದ ಕಣ್ಣು ತೆಗೆದು ತಮಗೆ ತಾವೇ ಒಪ್ಪಿಸಿಕೊಳ್ಳುವುದಕ್ಕೆ ಬಳಸುವಂತೆಯೂ ಏರ್ಪಡಿಸಿದನು. ಕಾಲದ ಹೆಚ್ಚಿನ ಭಾಗವನ್ನು ಒಪ್ಪಿಸಿಕೊಳ್ಳುವುದಕ್ಕೆ ಮೀಸಲಿಟ್ಟವರು ಬರಿದೆ ಓದಿದವರನ್ನು ಹಿಂದೆ ಹಾಕಿದರು. ಕೆಲವು ಗಂಟೆಗಳು ಕಳೆದ ಮೇಲೆ ಪರೀಕ್ಷಿಸಿದಾಗ ಅವರ ಮೇಲ್ಗೈ ಇನ್ನೂ ಎದ್ದುಕಂಡಿತು. 1939ರಲ್ಲಿ ಅಯೋವ ಸಂಸ್ಥಾನದಲ್ಲಿ ಸ್ಪಿಟ್ಜರ್ ಎಂಬಾತನು ಆರನೆಯ ತರಗತಿಯ 3,605 ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯಿಂದ ತಿಳಿದುಬಂದದ್ದು ಇದಕ್ಕೆ ಪೂರಕವಾದುದು: ಓದಿದ ಕೂಡಲೆ ಪ್ರಶ್ನೆಗಳಿಗೆ ಉತ್ತರ ಬರೆದ ಮಕ್ಕಳು ವಾರಗಳು ಕಳೆದ ಮೇಲೂ ಹೆಚ್ಚನ್ನು ಉಳಿಸಿಕೊಂಡಿದ್ದರು, ಮೊದಲನೆಯ ಪ್ರಶ್ನೆಯೇ ವಾರಗಳ ತರುವಾಯ ಬಂದಾಗ ಉಳಿಸಿಕೊಳ್ಳಬೇಕಾದುದು ಬಹುಪಾಲು ಹೊರಟುಹೋಗಿತ್ತು. ಪರೀಕ್ಷೆಯೆಂಬುದು ಕಲಿತದ್ದನ್ನು ಅಳೆಯುವ ಸಾಧನವೆಂದಷ್ಟೇ ನಾವು ತಿಳಿದಿದ್ದೆವು. ಅದು ಕಲಿಯುವ ಸಾಧನವೂ ಹೌದು. ಇದನ್ನು ಕೇಳಿದರೆ ನಮ್ಮ ವಿಶ್ವವಿದ್ಯಾನಿಲಯಗಳ ಪರೀಕ್ಷಾವಿಭಾಗದವರಿಗೆ ಅನಗತ್ಯವಾದ ಉತ್ಸಾಹ ಬಂದೀತೆಂಬ ಭಯವಿದ್ದರೂ, ಸತ್ಯವನ್ನು ಮುಚ್ಚಿಡಲಾಗದು.

ನಮ್ಮ ಪೂರ್ವಿಕರಿಗೆ ಇದು ಹೊಸದಲ್ಲ. ಪದಪಾಠ, ಕ್ರಮ, ಜಟೆ, ಘನಗಳೆಂದು ಒಂದೇ ಮಂತ್ರವನ್ನು ಹಿಂದುಮುಂದಾಗಿ ಹೆಣೆದು ಹೇಳಿಸುತ್ತಿದ್ದ ವೇದಪಾಠಶಾಲೆಯಲ್ಲಾಗಲಿ, ಮರಳಿನ ಮೇಲೆ ಅಕ್ಷರ ತಿದ್ದಿಸಿ ಸಂಜೆ ಸಾಲಾಗಿ ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದ ಐಗಳ ಮಠದಲ್ಲಾಗಲಿ, ವಿದ್ಯೆಯೆಂದರೆ ಪುಸ್ತಕವಿಲ್ಲದೆ ಒಪ್ಪಿಸಬಲ್ಲದ್ದು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆ ಪದ್ಧತಿಯಲ್ಲಿ ಅರ್ಥದ ಕಡೆಗೆ ಗಮನ ಸಾಲದೆಂದು ಆಕ್ಷೇಪಿಸಿ ನಾವು ಅದನ್ನು ಕೈಬಿಟ್ಟೆವು, ಆಕ್ಷೇಪ ನ್ಯಾಯವಾದದ್ದೇ. ಆದರೆ ಅರ್ಥವನ್ನು ಸೇರಿಸಿಕೊಳ್ಳುವ ಭರದಲ್ಲಿ ಒಪ್ಪಿಸುವುದನ್ನೇ ಕೈಬಿಟ್ಟದ್ದು ನಮ್ಮ ಕಾಲದ ವಿದ್ಯಾಭ್ಯಾಸದ ನಷ್ಟ. ಹಿಂದಿನವರು ಅರ್ಥ ತಿಳಿಯದೆ ಒಪ್ಪಿಸಿದರು, ಇಂದಿನವರು ಅರ್ಥ ತಿಳಿದೂ ಒಪ್ಪಿಸಲಾರರು. ಇವೆರಡರಲ್ಲಿ ಯಾವುದು ಮೇಲೆಂದು ತೀರ್ಮಾನಿಸುವುದು ನನಗೆ ಅಷ್ಟು ಸುಲಭವಾಗಿ ತೋರುವುದಿಲ್ಲ.

ಆಚರಣೆಗೆ ಬರುವ ಮಾತು ಹೇಳುತ್ತೇನೆ. ಅಧ್ಯಾಯವನ್ನು ಓದತೊಡಗುವ ಮೊದಲು ಅದರ ಶೀರ್ಷಿಕೆಗಳನ್ನೂ ಕೊನೆಯ ಪುಟವನ್ನೂ ನೋಡಿ, ಅದು ಯಾವ ಪ್ರಶ್ನೆಗೆ ಉತ್ತರವಾಗಿದೆಯೆಂದು ಒಂದೆರಡು ಸಾಲು ಬರೆದುಕೊಳ್ಳಿರಿ. ನಾಲ್ಕೈದು ಪುಟ ಓದಿ ಪುಸ್ತಕವನ್ನು ನಿಜವಾಗಿಯೂ ಮುಚ್ಚಿರಿ. ಬೆರಳನ್ನು ಪುಟದ ನಡುವೆ ಇಟ್ಟುಕೊಂಡು ಮುಚ್ಚುವುದು ಮುಚ್ಚಿದ ಲೆಕ್ಕವಲ್ಲ. ಬಿಳಿಯ ಹಾಳೆಯ ಮೇಲೆ ನೆನಪಿಗೆ ಬಂದಷ್ಟನ್ನು ಬರೆಯಿರಿ. ಸೂತ್ರವಾದರೆ ಅದನ್ನು ಸಾಧಿಸಿ ತೋರಿಸಿರಿ, ಯಂತ್ರವಾದರೆ ಚಿತ್ರ ಬಿಡಿಸಿರಿ, ಚರಿತ್ರೆಯಾದರೆ ಕಾರಣಗಳ ಸರಣಿಯನ್ನು ಹೇಳಿರಿ. ಅನಂತರ ಪುಸ್ತಕ ತೆರೆದು ಬಿಟ್ಟುಹೋದುದನ್ನು ಬೇರೆ ಶಾಯಿಯಲ್ಲಿ ತುಂಬಿರಿ. ನಾಳೆ ಓದಬೇಕಾದುದು ಆ ಬೇರೆ ಶಾಯಿಯ ಭಾಗವನ್ನೇ ಹೊರತು ಇಡೀ ಅಧ್ಯಾಯವನ್ನಲ್ಲ. ಮೊದಮೊದಲು ಇದು ಮನಸ್ಸಿಗೆ ಹಿತವಾಗಿರುವುದಿಲ್ಲ; ಓದಿದ್ದರಲ್ಲಿ ಕಾಲುಭಾಗವೂ ಬಾರದೆ ಹೋದಾಗ ಅವಮಾನವಾದಂತಾಗುತ್ತದೆ. ಆ ಅವಮಾನವನ್ನು ಕೋಣೆಯಲ್ಲಿ ಒಬ್ಬರೇ ಕುಳಿತು ಪಡುವುದು, ಪರೀಕ್ಷಾಮಂದಿರದಲ್ಲಿ ಪಡುವುದಕ್ಕಿಂತ ಅಗ್ಗ.

ಕನ್ನಡ ಶಾಲೆಗಳಲ್ಲಿ ಕಲಿತು, ಕಾಲೇಜಿಗೆ ಬಂದೊಡನೆ ಇಂಗ್ಲಿಷ್ ಪಠ್ಯಗಳ ಮುಂದೆ ಕೂರಬೇಕಾದವರಿಗೆ ವಿಶೇಷವಾಗಿ ಒಂದು ಮಾತು. ಇಂಗ್ಲಿಷಿನಲ್ಲಿ ಓದಿದುದನ್ನು ಪುಸ್ತಕ ಮುಚ್ಚಿ ಕನ್ನಡದಲ್ಲಿ, ಅದೂ ಮನೆಯಲ್ಲಿ ಆಡುವ ಕನ್ನಡದಲ್ಲಿ, ಹೇಳಿಕೊಳ್ಳಿರಿ. ಪಾರಿಭಾಷಿಕ ಶಬ್ದಗಳು ಇಂಗ್ಲಿಷಿನವೇ ಇದ್ದರೂ ಚಿಂತೆಯಿಲ್ಲ. ಇಂಗ್ಲಿಷಿನ ವಾಕ್ಯವನ್ನು ಅರ್ಥವಾಗದೆಯೂ ಒಪ್ಪಿಸಬಹುದು. ಅದನ್ನೇ ತಂಗಿಗೋ ಪಕ್ಕದ ಮನೆಯ ಹುಡುಗನಿಗೋ ಕನ್ನಡದಲ್ಲಿ ವಿವರಿಸಹೊರಟಾಗ ಎಲ್ಲಿ ಅರ್ಥವಾಗಿಲ್ಲವೋ ಅಲ್ಲಿ ಮಾತು ತಾನಾಗಿಯೇ ನಿಂತುಹೋಗುತ್ತದೆ. ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಬೇರೆಯಾಗಿ ಆಗಬೇಕು. ಅರ್ಥದ ಕಷ್ಟವನ್ನೂ ಭಾಷೆಯ ಕಷ್ಟವನ್ನೂ ಒಟ್ಟಿಗೆ ಹೊತ್ತವರೇ ಬೇಗ ದಣಿದು ಗೈಡುಗಳ ಮೊರೆಹೊಗುತ್ತಾರೆ. ಗೈಡುಗಳನ್ನು ನಾನು ಸಂಪೂರ್ಣವಾಗಿ ಬಹಿಷ್ಕರಿಸೆನು. ಇನ್ನೊಬ್ಬನು ತನ್ನ ಪುಸ್ತಕ ಮುಚ್ಚಿ ಬರೆದದ್ದು ಗೈಡು, ಅದರ ಪ್ರಯೋಜನವೆಲ್ಲ ಆಗಲೇ ಅವನಿಗೆ ಸಂದುಹೋಗಿದೆ ಎಂಬುದಷ್ಟೇ ನನ್ನ ತಕರಾರು.

ಹೇಳಿಕೊಡುವುದು ಕಲಿಯುವುದರ ಒಂದು ಉತ್ತಮ ಪ್ರಕಾರವೆಂಬುದಕ್ಕೆ ನಮ್ಮ ನಾಡಿನ ಬಡ ವಿದ್ಯಾರ್ಥಿಗಳ ಪರಂಪರೆಯೇ ಸಾಕ್ಷಿ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮನೆಪಾಠ ಹೇಳಿ ತಮ್ಮ ಓದಿಗೆ ದಾರಿಮಾಡಿಕೊಂಡರು; 1881ರಲ್ಲಿ ಬಿ.ಎ. ಪದವಿ ಪಡೆದು, ಪುಣೆಗೆ ತೆರಳಿ, ಅಲ್ಲಿನ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮನೆಪಾಠದಿಂದ ಓದಿಗೆ ಅಡ್ಡಿಯಾಗುತ್ತದೆಂದು ಕೊರಗುವವರು, ಕೆಳಗಿನ ತರಗತಿಯ ಗಣಿತವನ್ನು ಪ್ರತಿ ಸಂಜೆ ಪುಸ್ತಕವಿಲ್ಲದೆ ಹೇಳಿಕೊಡುವವನ ಬುನಾದಿ ಎಷ್ಟು ಗಟ್ಟಿಯಾಗುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾಲದ ವಿಚಾರ. ವಾರಕ್ಕೆ 168 ಗಂಟೆಗಳು. ಇದರಲ್ಲಿ ಬಡವ ಬಲ್ಲಿದರೆಂಬ ಭೇದವಿಲ್ಲ. ನಿದ್ರೆಗೆ ದಿನಕ್ಕೆ ಎಂಟರಂತೆ 56 ಗಂಟೆ, ತರಗತಿಗಳಿಗೂ ಪ್ರಯೋಗಶಾಲೆಗೂ 24, ಸ್ನಾನ ಊಟ ಓಡಾಟಗಳಿಗೆ ದಿನಕ್ಕೆ ನಾಲ್ಕರಂತೆ 28 ಎಂದು ಧಾರಾಳವಾಗಿ ಕೊಟ್ಟರೂ 60 ಗಂಟೆಗಳು ಉಳಿಯುತ್ತವೆ. ಇದನ್ನು ಕೇಳಿದ ಯಾವ ವಿದ್ಯಾರ್ಥಿಯೂ ನಂಬುವುದಿಲ್ಲ. ತನ್ನ 60 ಗಂಟೆಗಳನ್ನು ಯಾರೋ ಕದ್ದಿರಬೇಕೆಂದು ಸುತ್ತ ನೋಡುತ್ತಾನೆ. ಆ 60ರಲ್ಲಿ ಓದಿಗೆಂದು 25 ಗಂಟೆಗಳನ್ನು, ನಿಶ್ಚಿತವಾದ ದಿನ, ನಿಶ್ಚಿತವಾದ ವೇಳೆ, ನಿಶ್ಚಿತವಾದ ಜಾಗ ಎಂದು ಬರೆದಿಟ್ಟು ಕಾಪಾಡಿಕೊಂಡರೆ ಸಾಕು. ಉಳಿದುದರಲ್ಲಿ ಆಟವಾಡಿ, ನಾಟಕ ನೋಡಿ, ಗೆಳೆಯರೊಡನೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡಿ, ಯಾವ ಪಾಪಪ್ರಜ್ಞೆಯೂ ಬೇಡ. ಸದಾ ಓದಬೇಕೆಂಬ ಭಾವನೆಯಲ್ಲಿ ಸದಾ ಓದದೆ ಇರುವವರೇ ನಮ್ಮಲ್ಲಿ ಹೆಚ್ಚು. ಅವರು ಆಟದ ಸುಖವನ್ನೂ ಪಡೆಯುವುದಿಲ್ಲ, ಓದಿನ ಫಲವನ್ನೂ ಪಡೆಯುವುದಿಲ್ಲ. ಹಿಂದೆ ವಾರಾನ್ನದ ಮೇಲೆ ಓದಿದ ಹುಡುಗರಿಗೆ ಸೋಮವಾರ ಯಾರ ಮನೆ, ಮಂಗಳವಾರ ಯಾರ ಮನೆ ಎಂಬುದು ಹಸಿವಿನಿಂದಲೇ ಕಂಠಗತವಾಗಿರುತ್ತಿತ್ತು. ತಪ್ಪಿದರೆ ಆ ದಿನ ಉಪವಾಸ. ಹಾಸ್ಟೆಲಿನ ಗಂಟೆ ಬಾರಿಸಿದಾಗ ತಟ್ಟೆ ಹಿಡಿದು ಹೋಗುವವರಿಗೆ ಆ ಶಿಸ್ತನ್ನು ಕಲಿಸುವವರಿಲ್ಲ, ತಾವೇ ಕಲಿಯಬೇಕು.

ವೇಳಾಪಟ್ಟಿ ಬರೆಯುವಾಗ ಎರಡು ಸಂಗತಿಗಳನ್ನು ಮರೆಯಬೇಡಿರಿ. ತರಗತಿಗಳ ನಡುವೆ ಸಿಗುವ ಬಿಡುವಿನ ಗಂಟೆ ಸಣ್ಣದೆಂದು ತೋರಿದರೂ, ಈಗತಾನೆ ಮುಗಿದ ಉಪನ್ಯಾಸವನ್ನು ನೆನೆಯಲು ಅದಕ್ಕಿಂತ ಪ್ರಶಸ್ತವಾದ ವೇಳೆ ಇನ್ನೊಂದಿಲ್ಲ. ಅದಕ್ಕಾಗಿಯೇ ಟಿಪ್ಪಣಿ ಪುಸ್ತಕದ ಎಡಪುಟವನ್ನು ಖಾಲಿ ಬಿಡಬೇಕು. ಬಲಪುಟದಲ್ಲಿ ಉಪನ್ಯಾಸಕರ ಮಾತು, ಎಡಪುಟದಲ್ಲಿ ಅದೇ ದಿನ ನಿಮ್ಮ ಮಾತು. ಉಪನ್ಯಾಸಕರ ಮಾತನ್ನು ಅಕ್ಷರಶಃ ಬರೆದುಕೊಳ್ಳುವವನು ಅವರ ಲಿಪಿಕಾರನಾದಾನೇ ಹೊರತು ಶಿಷ್ಯನಾಗಲಾರ. ಇನ್ನೊಂದು, ಕಠಿಣವಾದ ವಿಷಯಕ್ಕೆ ಒಂದೇ ದಿನ ಆರು ಗಂಟೆ ಕೊಡುವ ಬದಲು ಆರು ದಿನ ಒಂದೊಂದು ಗಂಟೆ ಕೊಡಬೇಕೆಂಬುದು. ಪ್ರತಿ ದಿನವೂ ಸ್ವಲ್ಪ ಮರೆತು ಸ್ವಲ್ಪ ನೆನೆಯಬೇಕಾಗುತ್ತದೆ. ಆ ನೆನೆಯುವ ಶ್ರಮದಲ್ಲಿಯೇ ವಿಷಯ ಬೇರೂರುವುದು.

ನಿದ್ರೆಯ ಮೇಲೆ ದಾಳಿಮಾಡಿ ಓದಿನ ಕಾಲವನ್ನು ಹೆಚ್ಚಿಸಿಕೊಳ್ಳುವುದು ವಿದ್ಯಾರ್ಥಿಗಳಲ್ಲಿ ಒಂದು ಶೌರ್ಯವೆಂದು ಪರಿಗಣಿತವಾಗಿದೆ. 1924ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಜೆಂಕಿನ್ಸ್ ಮತ್ತು ಡಾಲನ್‌ಬಾಕ್ ಎಂಬವರು ಇಬ್ಬರೇ ಇಬ್ಬರು ವಿದ್ಯಾರ್ಥಿಗಳಿಗೆ ಅಕ್ಷರಗುಚ್ಛಗಳನ್ನು ಕಲಿಸಿ, ಕೆಲವು ಸಲ ಕಲಿತ ಕೂಡಲೆ ಮಲಗಿಸಿಯೂ ಕೆಲವು ಸಲ ಎಚ್ಚರವಾಗಿರಿಸಿಯೂ ಪರೀಕ್ಷಿಸಿದರು. ಎಂಟು ಗಂಟೆಗಳ ತರುವಾಯ, ನಿದ್ರಿಸಿ ಎದ್ದಾಗ ನೆನಪಿನಲ್ಲಿ ಉಳಿದದ್ದು ಎಚ್ಚರವಾಗಿದ್ದಾಗ ಉಳಿದುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಇಬ್ಬರ ಮೇಲಿನ ಪ್ರಯೋಗದಿಂದ ಲೋಕಕ್ಕೆಲ್ಲ ನಿಯಮ ಹೊರಡಿಸಲಾಗದೆಂದು ತರ್ಕಶಾಸ್ತ್ರದ ವಿದ್ಯಾರ್ಥಿಗಳು ಆಕ್ಷೇಪಿಸಬಹುದು. ಆದರೆ ಅನಂತರದ ಶೋಧನೆಗಳೂ ಆ ಕಡೆಗೇ ಬೆರಳು ತೋರಿವೆ. ರಾತ್ರಿ ಎರಡರವರೆಗೆ ಕಾಫಿ ಕುಡಿದು ಓದಿ ಬೆಳಗ್ಗೆ ಉಪನ್ಯಾಸದಲ್ಲಿ ತೂಗಾಡುವವನು, ನಿನ್ನೆಯ ಪಾಠವನ್ನು ಭದ್ರಪಡಿಸಿಕೊಳ್ಳುವ ಹೊತ್ತನ್ನೂ ಇಂದಿನ ಪಾಠವನ್ನು ಕೇಳುವ ಹೊತ್ತನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ.

ಹಣದ ವಿಷಯವನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ, ಏಕೆಂದರೆ ಅದು ಇಲ್ಲದವರಿಗೆ ಉಪದೇಶ ಬೇಡ, ಇರುವವರು ಕೇಳುವುದಿಲ್ಲ. ತಿಂಗಳ ಮೊದಲ ದಿನ ಮನೆಯಿಂದ ಬಂದ ಹಣದಲ್ಲಿ ಮೆಸ್ಸಿನದೋ ಖಾನಾವಳಿಯದೋ ಬಾಕಿಯನ್ನೂ ಪರೀಕ್ಷಾಶುಲ್ಕದ ಒಂದು ಪಾಲನ್ನೂ ಬೇರೆ ತೆಗೆದಿಟ್ಟು, ಮಿಕ್ಕುದರ ಜಮಾಖರ್ಚನ್ನು ಅಂದಂದೇ ಬರೆಯಿರಿ. ಕೈಗಡ ಕೊಟ್ಟದ್ದನ್ನೂ ಬರೆಯಿರಿ, ಪಡೆದದ್ದನ್ನು ಅವಶ್ಯವಾಗಿ ಬರೆಯಿರಿ. ಪುಸ್ತಕಗಳನ್ನು ಕೊಳ್ಳುವ ಮುನ್ನ ಗ್ರಂಥಾಲಯದಿಂದ ತಂದು ಒಂದು ಅಧ್ಯಾಯವನ್ನಾದರೂ ಓದಿ ನೋಡಿ. ಶುಲ್ಕದ ರಸೀದಿ, ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿಯ ನಕಲು ಇವೆಲ್ಲ ಒಂದೇ ಲಕೋಟೆಯಲ್ಲಿ, ಆ ಲಕೋಟೆ ಒಂದೇ ಜಾಗದಲ್ಲಿ ಇರಲಿ. ವಿದ್ಯಾರ್ಥಿವೇತನಗಳು ಅನರ್ಹತೆಯಿಂದ ಎಷ್ಟು ಕೈತಪ್ಪುತ್ತವೆಯೋ, ಕೊನೆಯ ದಿನ ಒಂದು ಕಾಗದ ಸಿಕ್ಕದಿರುವುದರಿಂದಲೂ ಅಷ್ಟೇ ಕೈತಪ್ಪುತ್ತವೆಂದು ಕಚೇರಿಯ ಗುಮಾಸ್ತರನ್ನು ಕೇಳಿದರೆ ಹೇಳಿಯಾರು.

ಪದವಿ ಮುಗಿಸಿ ಸ್ನಾತಕೋತ್ತರ ವಿಭಾಗಕ್ಕೂ ಸಂಶೋಧನೆಗೂ ಬಂದವರ ಸ್ಥಿತಿ ಬೇರೆ. ಇಲ್ಲಿ ನೆನಪಿನಲ್ಲಿ ಇರಿಸಿಕೊಳ್ಳಬೇಕಾದುದಕ್ಕಿಂತ, ನೆನಪಿನಿಂದ ಇಳಿಸಿ ಕಾಗದದ ಮೇಲೆ ಇಡಬೇಕಾದುದೇ ಹೆಚ್ಚು. ಇಟ್ಟದ್ದು ಬೇಕಾದಾಗ ಸಿಕ್ಕಬೇಕು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದಾಗ, ಓದುಗನ ಕಾಲವನ್ನು ಉಳಿಸಬೇಕೆಂಬುದನ್ನು ಅವುಗಳಲ್ಲಿ ನಾಲ್ಕನೆಯದಾಗಿ ಇರಿಸಿದರು. ಈ ಸೂತ್ರವನ್ನು ಗ್ರಂಥಪಾಲರಿಗೆ ಮಾತ್ರ ಬಿಟ್ಟುಬಿಡದೆ ಪ್ರತಿಯೊಬ್ಬ ಸಂಶೋಧಕನೂ ತನ್ನ ಮೇಜಿಗೆ ಅನ್ವಯಿಸಿಕೊಳ್ಳತಕ್ಕದ್ದು. ಗ್ರಂಥಾಲಯಕ್ಕೆ ಸೇರಿದ ಮೊದಲ ವಾರದಲ್ಲಿಯೇ ಅದರ ವರ್ಗೀಕರಣ ಯಾವುದು, ಡ್ಯೂಯಿಯವರ ದಶಮಾಂಶವೋ ರಂಗನಾಥನ್ ಅವರ ಕೋಲನ್ ಪದ್ಧತಿಯೋ ಎಂದು ತಿಳಿದುಕೊಂಡು, ನಿಮ್ಮ ವಿಷಯದ ಸಂಖ್ಯೆಯ ಬೀರುಗಳ ಮುಂದೆ ಒಂದು ಮಧ್ಯಾಹ್ನವನ್ನು ಬರಿದೆ ನಿಂತು ಕಳೆಯಿರಿ. ಬೇಕಾದ ಪುಸ್ತಕ ಸೂಚಿಯಲ್ಲಿ ಸಿಕ್ಕುತ್ತದೆ. ಬೇಕೆಂದೇ ಗೊತ್ತಿರದ ಪುಸ್ತಕ ಅದರ ಪಕ್ಕದಲ್ಲಿ ಸಿಕ್ಕುತ್ತದೆ.

ಟಿಪ್ಪಣಿಗಳಿಗೆ ಬಿಡಿಚೀಟಿಗಳೇ ಶ್ರೇಷ್ಠ. ಒಂದು ಚೀಟಿಗೆ ಒಂದೇ ಸಂಗತಿ; ಮೇಲೆ ವಿಷಯ, ಕೆಳಗೆ ಆಧಾರ, ಪುಟಸಂಖ್ಯೆ ಸಹಿತವಾಗಿ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನಂಥ ಮಹಾಕಾರ್ಯವೂ ಕಾವ್ಯಗಳಿಂದಲೂ ಶಾಸನಗಳಿಂದಲೂ ಎತ್ತಿ ಬರೆದ ಚೀಟಿಗಳ ಮೇಲೆಯೇ ನಿಂತದ್ದು. ಆಧಾರವನ್ನು ಬರೆಯುವುದರಲ್ಲಿ ಸೋಮಾರಿತನ ಮಾಡಿದರೆ ಏನಾಗುತ್ತದೆಂಬುದನ್ನು ಒಂದು ದೃಷ್ಟಾಂತದಿಂದ ಹೇಳುತ್ತೇನೆ. ತಾಳಗುಂದದ ಕಂಬದ ಶಾಸನವನ್ನು ನೋಡಿ ನೀವು ಚೀಟಿಯಲ್ಲಿ ತಾಳಗುಂದ ಎಂದಷ್ಟೇ ಬರೆದಿಟ್ಟಿರೆನ್ನಿ. ಎರಡು ವರ್ಷಗಳ ಮೇಲೆ ಮೂಲಪಾಠ ಬೇಕಾದಾಗ, ನಾಡಿನ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿರುವ 8,869 ಶಾಸನಗಳ ಮುಂದೆ ನೀವು ಮತ್ತೆ ಮೊದಲಿನಿಂದ ನಿಲ್ಲಬೇಕು. ಏಳನೆಯ ಸಂಪುಟ, ಶಿಕಾರಿಪುರ 176 ಎಂದು ಬರೆದಿದ್ದರೆ ಎರಡು ನಿಮಿಷದ ಕೆಲಸ. ಪ್ರಸಂಗವಶಾತ್ ಹೇಳುವುದಾದರೆ, ಆ ಶಾಸನ ವಿದ್ಯಾರ್ಥಿಗಳಾದ ನೀವೆಲ್ಲ ಓದತಕ್ಕದ್ದೇ ಸರಿ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಉಚ್ಚವ್ಯಾಸಂಗಕ್ಕೆಂದು ಹೋದ ಮಯೂರಶರ್ಮನು ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಉಂಟಾದ ಕಲಹದಿಂದ ನೊಂದು, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದು ಕದಂಬರಾಜ್ಯವನ್ನು ಸ್ಥಾಪಿಸಿದ ಕಥೆ ಅದರಲ್ಲಿದೆ. ಕರ್ನಾಟಕದಲ್ಲಿ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟವರಲ್ಲಿ ಅವನಷ್ಟು ಏಳಿಗೆ ಹೊಂದಿದವನು ಇನ್ನೊಬ್ಬನಿಲ್ಲ. ಆದರೆ ಅವನ ಮೇಲ್ಪಂಕ್ತಿಯನ್ನು ಅನುಸರಿಸುವವರಿಗೆ ಖಾಲಿಯಿರುವ ರಾಜ್ಯಗಳು ಈಗ ಕಡಮೆ.

ಚೀಟಿಗಳನ್ನು ಬರೆಯುವುದರಲ್ಲಿ ಚಾರ್ಲ್ಸ್ ಡಾರ್ವಿನ್ನನು ಪಾಲಿಸಿದ ಒಂದು ಕಟ್ಟಳೆ ನನಗೆ ಅತ್ಯಂತ ಪ್ರಿಯವಾದುದು. ಮೂವತ್ತು ನಲವತ್ತು ದೊಡ್ಡ ಕಾಗದದ ಚೀಲಗಳನ್ನು ಹೆಸರು ಬರೆದ ಅರೆಗಳಲ್ಲಿ ಇರಿಸಿಕೊಂಡು, ಸಿಕ್ಕಿದ ಪ್ರತಿಯೊಂದು ಸಂಗತಿಯನ್ನೂ ಆಯಾ ಚೀಲಕ್ಕೆ ಸೇರಿಸುತ್ತಿದ್ದ ಆತನು, ತನ್ನ ಸಿದ್ಧಾಂತಕ್ಕೆ ವಿರುದ್ಧವಾದ ಸಂಗತಿ ಕಣ್ಣಿಗೆ ಬಿದ್ದರೆ ಮಾತ್ರ ಅದನ್ನು ಆ ಕ್ಷಣವೇ ತಪ್ಪದೆ ಬರೆದಿಡುತ್ತಿದ್ದೆನೆಂದು ಆತ್ಮಕಥೆಯಲ್ಲಿ ತಿಳಿಸಿದ್ದಾನೆ. ಅನುಕೂಲವಾದ ಸಂಗತಿಗಳಿಗಿಂತ ಪ್ರತಿಕೂಲವಾದುವು ಹೆಚ್ಚು ಬೇಗ ಮರೆತುಹೋಗುತ್ತವೆಂಬುದು ಆತನ ಅನುಭವ. ನಿಮ್ಮ ಪ್ರಬಂಧದ ವಾದವನ್ನು ಕೆಡಿಸಬಲ್ಲ ಚೀಟಿಯನ್ನು ನೀವೇ ಬರೆದಿಟ್ಟಿದ್ದರೆ, ಮೌಖಿಕ ಪರೀಕ್ಷೆಯ ದಿನ ಎದುರಿಗೆ ಕುಳಿತ ಪರೀಕ್ಷಕರು ಅದನ್ನು ಮೊದಲ ಬಾರಿಗೆ ತೋರಿಸಬೇಕಾಗುವುದಿಲ್ಲ.

ಮಾರ್ಗದರ್ಶಕರನ್ನು ಕಾಣುವುದರಲ್ಲಿ ನಮ್ಮ ಸಂಶೋಧಕರಿಗೆ ಅತಿ ಸಂಕೋಚ. ತೋರಿಸಲು ಏನೂ ಇಲ್ಲದಾಗ ಹೋಗುವುದು ಹೇಗೆಂದು ಒಂದು ತಿಂಗಳು ತಪ್ಪಿಸಿಕೊಂಡವನಿಗೆ, ಎರಡನೆಯ ತಿಂಗಳು ಆ ಕಾರಣಕ್ಕಾಗಿಯೇ ಹೋಗಲಾಗುವುದಿಲ್ಲ. ವರ್ಷ ಹೀಗೆ ಕಳೆದು, ವಿಭಾಗದ ಮೊಗಸಾಲೆಯಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದರೆ ಅಡಗಿಕೊಳ್ಳುವಂತಾಗುತ್ತದೆ. ಹದಿನೈದು ದಿನಕ್ಕೊಮ್ಮೆ, ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ, ಮುಂದೇನು ಮಾಡುವೆನು ಎಂದು ಒಂದೇ ಪುಟ ಬರೆದು ತೆಗೆದುಕೊಂಡು ಹೋಗಿರಿ. ಏನೂ ಮಾಡಿಲ್ಲವಾದರೆ ಅದನ್ನೂ ಬರೆಯಿರಿ. ಗುರುಗಳಿಗೆ ಅದರ ಅನುಭವ ಇಲ್ಲದೆ ಇಲ್ಲ.

ಬರೆಯುವುದನ್ನು ಸಾಮಗ್ರಿಯೆಲ್ಲ ಕೂಡಿದ ಮೇಲೆ ಎಂದು ಮುಂದೂಡಬಾರದು, ಏಕೆಂದರೆ ಸಾಮಗ್ರಿ ಎಂದೂ ಕೂಡಿ ಮುಗಿಯುವುದಿಲ್ಲ. ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ಬಹುಕಾಲ ಅಧಿಕಾರಿಯಾಗಿದ್ದ ಆಂಟನಿ ಟ್ರೊಲೋಪ್ ನಲವತ್ತೇಳು ಕಾದಂಬರಿಗಳನ್ನು ಬರೆದದ್ದು, ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳನ್ನು ತನ್ನಿಂದ ತಾನೇ ವಸೂಲು ಮಾಡಿಕೊಂಡು. ಆ ಹೊತ್ತಿಗೆ ತನ್ನನ್ನು ಎಬ್ಬಿಸುವುದಕ್ಕಾಗಿಯೇ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಾಗಿ ಕೊಡುತ್ತಿದ್ದನಂತೆ. ನಿಮ್ಮಿಂದ ಅಷ್ಟು ಕೇಳುವುದಿಲ್ಲ. ದಿನಕ್ಕೊಂದು ಪುಟ, ಪುಸ್ತಕಗಳನ್ನೂ ಚೀಟಿಗಳನ್ನೂ ಬದಿಗೆ ಸರಿಸಿ, ವಿಷಯ ನಿಮಗೆ ಹೇಗೆ ಕಾಣುತ್ತಿದೆಯೋ ಹಾಗೆ ಬರೆಯಿರಿ. ಉದ್ಧರಣೆಗಳನ್ನೂ ಅಡಿಟಿಪ್ಪಣಿಗಳನ್ನೂ ಆಮೇಲೆ ಸೇರಿಸಬಹುದು. ಪುಸ್ತಕ ತೆರೆದಿಟ್ಟುಕೊಂಡು ಬರೆದ ಪ್ರಬಂಧದಲ್ಲಿ ಇತರರ ವಾಕ್ಯಗಳು ಹೇಗೋ ನುಸುಳುತ್ತವೆ. ಮುಚ್ಚಿ ಬರೆದುದರಲ್ಲಿ ನಿಮ್ಮ ದನಿ, ಸಣ್ಣದಾದರೂ, ಕೇಳುತ್ತದೆ.

ಬರೆದುದನ್ನು ಕಾರ್ಬನ್ ಕಾಗದವಿಟ್ಟು ಎರಡು ಪ್ರತಿಗಳಾಗಿ ಮಾಡಿ, ಅವೆರಡನ್ನೂ ಬೇರೆಬೇರೆ ಮನೆಗಳಲ್ಲಿ ಇರಿಸಿರಿ. 1835ರಲ್ಲಿ ಥಾಮಸ್ ಕಾರ್ಲೈಲನು ಫ್ರಾನ್ಸಿನ ಮಹಾಕ್ರಾಂತಿಯ ಚರಿತ್ರೆಯ ಮೊದಲ ಸಂಪುಟದ ಹಸ್ತಪ್ರತಿಯನ್ನು ಓದಲೆಂದು ಮಿತ್ರನಾದ ಜಾನ್ ಸ್ಟುವರ್ಟ್ ಮಿಲ್ಲನಿಗೆ ಕೊಟ್ಟಿದ್ದನು. ರದ್ದಿಯೆಂದು ಬಗೆದು ಅದು ಒಲೆಗೆ ಹೋಯಿತು. ಬೇರೆ ಪ್ರತಿ ಇರಲಿಲ್ಲ, ಟಿಪ್ಪಣಿಗಳನ್ನೂ ಆತನು ಉಳಿಸಿಕೊಂಡಿರಲಿಲ್ಲ. ಇಡೀ ಸಂಪುಟವನ್ನು ಮತ್ತೆ ಮೊದಲಿನಿಂದ ಬರೆದನು. ಕಾರ್ಲೈಲನ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಊರಿಗೆ ಹೋದಾಗ ಪ್ರಬಂಧದ ಒಂದು ಪ್ರತಿಯನ್ನು ತಂದೆಯವರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸಿ, ಅದು ಬಚ್ಚಲೊಲೆಗೆ ಬೆಂಕಿ ಹೊತ್ತಿಸುವ ಕಾಗದವಲ್ಲವೆಂದು ಮನೆಯ ಎಲ್ಲರಿಗೂ, ವಿಶೇಷವಾಗಿ ಮುಂಜಾನೆ ನೀರು ಕಾಯಿಸುವವರಿಗೆ, ತಿಳಿಸಿ ಬನ್ನಿ.